ಕತ್ತೆ, ಆನೆ ಮತ್ತು ನನ್ನ ತವರುಮನೆ

ನಮ್ಮ ಮನೆಯಲ್ಲಿ ಜಗಳ ಆಗುತ್ತಲೇ ಇರುತ್ತದೆ, ಮತ್ತು ಪ್ರತಿ ಸಲವೂ ಕಾರಣ ಅಮೆರಿಕ. ಬೇರೆಯವರ ಮನೆಯಲ್ಲೂ ಜಗಳ ಆಗುತ್ತದೆ, ಇಲ್ಲವೆನ್ನುವುದಿಲ್ಲ. ಗಡಿಯ ಮೇಲಿನ ತೆಂಗಿನಮರದ ಕಾಯಿ ಯಾರಿಗೆ, ಗದ್ದೆಯ ನೀರು ಮೊದಲು ಯಾರ ಕಡೆಗೆ, ಮದುವೆ ಕಾಗದದಲ್ಲಿ ಯಾರ ಹೆಸರು ಮೇಲೆ. ಅಂಥ ಜಗಳಕ್ಕೆ ಒಂದು ಮರ್ಯಾದೆ ಇದೆ. ಕಾಯಿ ಕಣ್ಣಿಗೆ ಕಾಣುತ್ತದೆ, ನೀರು ಕಾಲಿಗೆ ತಾಗುತ್ತದೆ. ನಮ್ಮ ಮನೆಯ ಜಗಳದ ವಸ್ತು ಏಳು ಸಮುದ್ರದ ಆಚೆ ಇದೆ. ಅದನ್ನು ನಮ್ಮ ಪೈಕಿ ಯಾರೂ ಕಂಡಿಲ್ಲ, ಅದಕ್ಕೂ ನಮ್ಮ ಗುರುತಿಲ್ಲ.

ನಾನು ಕೊಕ್ಕರ್ಣೆ ಬದಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬಾಯಿ ಸ್ವಲ್ಪ ಜೋರು, ಅದನ್ನು ನಾನೇ ಹೇಳಿಬಿಡುತ್ತೇನೆ. ಮನೆ ಸಾಲಿಗ್ರಾಮದ ಹತ್ತಿರ, ತವರು ಕೋಟದಲ್ಲಿ. ಬಸ್ಸು ಹತ್ತಿ ಕಂಡಕ್ಟರ್ ಹತ್ತಿರ ಬರುವಷ್ಟರಲ್ಲಿ ತವರು ಬಂದುಬಿಡುತ್ತದೆ. ಅಲ್ಲಿ ನನ್ನ ಅಣ್ಣ ಇದ್ದಾನೆ. ಮುಂಬೈಯಲ್ಲಿ ಹೋಟೆಲು ನಡೆಸಿ ಸಾಕಾಗಿ ಬಂದವ, ಈಗ ಗದ್ದೆ ನೋಡಿಕೊಂಡಿದ್ದಾನೆ. ಇಲ್ಲಿ ನಮ್ಮ ಮನೆಯವರು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಈ ಭಾವ-ಭಾವ ಒಂದೇ ಎಲೆಯಲ್ಲಿ ಉಂಡವರ ಹಾಗಿದ್ದರು. ಭಾನುವಾರ ಬಂತೆಂದರೆ ಅಣ್ಣ ನಮ್ಮ ಜಗಲಿಯಲ್ಲಿ, ಇಲ್ಲವೇ ಇವರು ಅವನ ಜಗಲಿಯಲ್ಲಿ. ನನಗೆ ಬೇಕಾದದ್ದೂ ಅಷ್ಟೇ. ಅಪ್ಪ ಅಮ್ಮ ಹೋದ ಮೇಲೆ ಹೆಣ್ಣುಮಕ್ಕಳಿಗೆ ತವರು ಅಂದರೆ ಅಣ್ಣನ ಮುಖವೇ ಅಲ್ಲವೇ. ಆ ತವರನ್ನು ಅಮೆರಿಕ ಹೇಗೆ ಕಿತ್ತುಕೊಳ್ಳಲು ಹೊರಟಿತ್ತು ಎಂಬುದೇ ಈ ಕಥೆ.

ಓಟು ಅಲ್ಲಿ, ಊಟ ಇಲ್ಲಿ

ನಿವೃತ್ತರಾದವರಿಗೆ ದೊಡ್ಡ ಫೋನು ತೆಗೆದುಕೊಡಬಾರದು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಇವರು ಮೊದಮೊದಲು ಫೋನಿನಲ್ಲಿ ಭಜನೆ ಕೇಳುತ್ತಿದ್ದರು. ಅದು ಯಾವ ಮಾಯದಲ್ಲಿ ತಿರುಗಿತೋ, ಒಂದು ದಿನ ನೋಡಿದರೆ ಕೋಟು ಹಾಕಿದ ಒಬ್ಬ ಬಿಳಿಯ ಮೇಜು ಗುದ್ದಿ ಕಿರುಚುತ್ತಿದ್ದಾನೆ, ಇವರು ಅದಕ್ಕೆ ತಲೆಯಾಡಿಸುತ್ತಿದ್ದಾರೆ. ಆ ಬಿಳಿಯ ಕತ್ತೆ ಗುರುತಿನ ಪಕ್ಷದವನಂತೆ. ಅಲ್ಲಿ ಇನ್ನೊಂದು ಪಕ್ಷಕ್ಕೆ ಆನೆ ಗುರುತು. ಅದೇ ಸಮಯಕ್ಕೆ ಕೋಟದಲ್ಲಿ ಅಣ್ಣನಿಗೂ ಒಬ್ಬ ಸಿಕ್ಕಿದ್ದ. ಇವ ಕನ್ನಡದವ. ಅಮೆರಿಕದ ಆನೆ ಕಡೆಯವರು ಹೇಳಿದ್ದಕ್ಕೆಲ್ಲ ಇಲ್ಲಿ ಒಗ್ಗರಣೆ ಹಾಕಿ ಬಡಿಸುವವ.

ಒಂದು ಭಾನುವಾರ ದೋಸೆ ತಿನ್ನುತ್ತಾ ಇಬ್ಬರಿಗೂ ಇದು ಗೊತ್ತಾಯಿತು. ಅಲ್ಲಿಗೆ ಮುಗಿಯಿತು. ಕತ್ತೆ ಕಡೆಯವರು ದೇಶ ಮಾರಿದರು ಅಂತ ಅಣ್ಣ ಅಂದ. ಆನೆ ಕಡೆಯವರು ದೇಶ ಸುಟ್ಟರು ಅಂತ ಇವರು ಅಂದರು. ಮಾರಿದ್ದನ್ನು ಸುಡುವುದು ಹೇಗೆ ಅಂತ ನನಗೆ ಸಂಶಯ. ನಿಮಗೆ ಅಲ್ಲಿ ಓಟು ಇದೆಯಾ ಅಂತ ಕೇಳಿದೆ. ಇದು ಓಟಿನ ಪ್ರಶ್ನೆ ಅಲ್ಲ, ತತ್ವದ ಪ್ರಶ್ನೆ ಅಂತ ಇಬ್ಬರೂ ಹೇಳಿದರು. ದೋಸೆ ತಣ್ಣಗಾಯಿತು, ತತ್ವ ಮಾತ್ರ ಬಿಸಿಯಾಗಿಯೇ ಇತ್ತು.

ಆಮೇಲೆ ನಮ್ಮಲ್ಲಿ ಪಂಚಾಯತ್ ಚುನಾವಣೆ ಬಂತು. ಪಕ್ಕದ ಮನೆಯವರೇ ನಿಂತಿದ್ದರು, ಪಾಪ, ರಸ್ತೆಯ ಹೊಂಡ ಮುಚ್ಚಿಸುತ್ತೇನೆ ಅಂತ ಕೈಮುಗಿದು ಹೋಗಿದ್ದರು. ಓಟಿನ ದಿನ ನನಗೆ ಡ್ಯೂಟಿ, ಬೆಳಿಗ್ಗೆಯೇ ಓಟು ಹಾಕಿ ಹೋದೆ. ಹೋಗುವಾಗ ಇವರಿಗೆ ಹೇಳಿಯೇ ಹೋಗಿದ್ದೆ. ಸಂಜೆ ಬಂದು ಬೆರಳು ನೋಡುತ್ತೇನೆ, ಶಾಯಿಯೇ ಇಲ್ಲ. ಅಮೆರಿಕದ ಯಾವುದೋ ಚರ್ಚೆ ಮುಗಿಯದೆ ಏಳಲಿಕ್ಕೆ ಆಗಲಿಲ್ಲವಂತೆ, ಪ್ರಜಾಪ್ರಭುತ್ವ ಅಪಾಯದಲ್ಲಿತ್ತಂತೆ. ಪಕ್ಕದ ಮನೆಯವರು ಒಂದೇ ಒಂದು ಓಟಿನಲ್ಲಿ ಸೋತರು. ಅವತ್ತಿನಿಂದ ಅವರ ಮನೆಯ ಕರಿಬೇವು ನಮ್ಮ ಸಾಂಬಾರಿಗೆ ಬಂದಿಲ್ಲ.

ನಾನೂ ಒಂದು ದಿನ ನೋಡಿದೆ

ಇವರ ಬಿ.ಪಿ. ಏರತೊಡಗಿತು. ಮಾತ್ರೆ ತಪ್ಪಿಸಿಲ್ಲ, ಉಪ್ಪು ಕಡಿಮೆ ಮಾಡಿದ್ದೇನೆ, ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದ್ದೇನೆ, ಆದರೂ ಏರುತ್ತಿದೆ. ಹಾಗಾದರೆ ರೋಗದ ಮೂಲ ನೋಡಿಯೇ ಬಿಡುವ ಅಂತ ಒಂದು ದಿನ ಇವರ ಪಕ್ಕ ಕೂತು ಆ ಚರ್ಚೆ ಪೂರ್ತಿ ನೋಡಿದೆ.

ಪರದೆಯಲ್ಲಿ ನಾಲ್ಕು ಚೌಕ, ಒಂದೊಂದರಲ್ಲಿ ಒಂದೊಂದು ತಲೆ. ಎಲ್ಲರ ಬಾಯಿಯೂ ಒಟ್ಟಿಗೆ ತೆರೆದಿದೆ. ಪ್ರಶ್ನೆ ಕೇಳಿದವನಿಗೆ ಉತ್ತರ ಬೇಡ, ಉತ್ತರ ಹೇಳುವವನಿಗೆ ಪ್ರಶ್ನೆ ನೆನಪಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ದಿನ ಮಕ್ಕಳು ಅಳುತ್ತವೆ, ಆದರೆ ಅವು ಸೂಜಿ ಚುಚ್ಚಿದ ಮೇಲೆ ಅಳುತ್ತವೆ. ಈ ಕೋಟಿನವರು ಚುಚ್ಚುವ ಮೊದಲೇ ಶುರು. ಮೂರು ಹೊತ್ತು ಉಂಡು, ಒಳ್ಳೆ ಕೋಟು ಹಾಕಿ, ಸಂಬಳ ತೆಗೆದುಕೊಂಡು ಕೂತ ಗಂಡಸರಿಗೆ, ಹೆಂಗಸರಿಗೆ, ಎದುರಿನವನ ಮಾತು ಮುಗಿಯುವ ತನಕ ಕಾಯುವ ಸಂಸ್ಕಾರ ಇಲ್ಲ ಅಂದರೆ ಏನು ಹೇಳಬೇಕು. ನಮ್ಮಲ್ಲಿ ಬಾವಿಕಟ್ಟೆಯ ಜಗಳದಲ್ಲೂ ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಶುರು ಮಾಡುವುದು. ನನಗೆ ಸಿಟ್ಟು ನೆತ್ತಿಗೇರಿತು.

ಅಲ್ಲಿಗೇ ಬಿಡಲಿಲ್ಲ, ಕೋಟಕ್ಕೆ ಹೋಗಿ ಅಣ್ಣನ ಪಕ್ಕ ಕೂತು ಅವನ ಕನ್ನಡದವನನ್ನೂ ನೋಡಿದೆ. ಅದೇ ದಿನದ, ಆನೆ ಕಡೆಯವರ ಅದೇ ಸಭೆಯ, ಅದೇ ದೃಶ್ಯ. ಇವರ ಕೋಟಿನ ಬಿಳಿಯವ, ಸಭೆಯಲ್ಲಿ ಜನವೇ ಇಲ್ಲ ಅಂದಿದ್ದ. ಅಣ್ಣನ ಕನ್ನಡದವ ಕಾಲಿಡಲು ಜಾಗವಿಲ್ಲ ಅಂದ. ಇಬ್ಬರೂ ತೋರಿಸಿದ್ದು ಒಂದೇ ಮೈದಾನ. ನನಗೇ ಕಣ್ಣಿನ ದೋಷವೇ ಅಂತ ಕನ್ನಡಕ ಒರೆಸಿ ನೋಡಿದೆ. ಸತ್ಯ ಹೇಳುತ್ತೇನೆ, ಜನ ಇದ್ದರು, ಜಾಗವೂ ಇತ್ತು. ಇದನ್ನು ಅಣ್ಣನಿಗೆ ಹೇಳಿದರೆ ನೀನು ಕತ್ತೆ ಕಡೆ ಅಂದ. ಮನೆಗೆ ಬಂದು ಹೇಳಿದರೆ ಇವರು ನೀನು ಆನೆ ಕಡೆ ಅಂದರು. ಸಂಜೆ ನನ್ನ ಬಿ.ಪಿ. ನಾನೇ ನೋಡಿಕೊಂಡೆ, ಇವರದ್ದಕ್ಕಿಂತ ಹೆಚ್ಚಿತ್ತು.

ಮೊಣಕಾಲಿಗೆ ಪಕ್ಷವಿಲ್ಲ

ಈ ಕಿರುಚುವವರಲ್ಲಿ ನನಗೆ ತೀರಾ ಅಸಹ್ಯವಾದದ್ದು ಒಂದು. ದೇಶ ಹಾಳಾಯಿತು, ನಾಳೆ ಬೆಳಗಾಗುವುದಿಲ್ಲ ಅಂತ ಕಣ್ಣು ಕೆಂಪು ಮಾಡಿ ಕೂಗುತ್ತಿದ್ದವ ಇದ್ದಕ್ಕಿದ್ದ ಹಾಗೆ ನಿಲ್ಲಿಸಿ ನಗುತ್ತಾನೆ, ಒಂದು ಬಾಟಲಿ ಎತ್ತಿ ತೋರಿಸುತ್ತಾನೆ. ಕೀಲುನೋವಿಗೆ ಎಣ್ಣೆ. ನಾಳೆ ಬೆಳಗಾಗದಿದ್ದರೆ ಮೊಣಕಾಲು ಎಂತಕ್ಕೆ ಅಂತ ಇಬ್ಬರಲ್ಲಿ ಒಬ್ಬರಾದರೂ ಕೇಳಬೇಡವೇ? ಅಣ್ಣ ಅವನ ಕನ್ನಡದವ ತೋರಿಸಿದ ಕೆಂಪು ಬಾಟಲಿ ತರಿಸಿದ. ಇವರ ಚರ್ಚೆಯ ಮಧ್ಯೆ ಬರುವ ಜಾಹೀರಾತಿನಲ್ಲೂ ಎಣ್ಣೆಯೇ, ನೀಲಿ ಬಾಟಲಿ. ಇವರು ಅದನ್ನು ತರಿಸಿದರು. ನಾನು ಆಸ್ಪತ್ರೆಯಿಂದ ತಂದುಕೊಟ್ಟ ಮುಲಾಮು ಮಾತ್ರ ಕಪಾಟಿನಲ್ಲಿ ಒಣಗಿತು.

ನಮ್ಮ ಎಣ್ಣೆಯಿಂದ ನೋವು ಇಳಿಯಿತು, ಅವರದ್ದು ಬರೀ ಮೋಸ ಅಂತ ಇಬ್ಬರೂ ಹೇಳುತ್ತಿದ್ದರು. ಇಬ್ಬರೂ ಕೂತಲ್ಲಿಂದ ಏಳುವಾಗ ಕಂಬ ಹಿಡಿಯುತ್ತಿದ್ದರು, ಅದನ್ನು ಇಬ್ಬರೂ ಹೇಳುತ್ತಿರಲಿಲ್ಲ. ಒಂದು ದಿನ ನಾನು ಎರಡೂ ಬಾಟಲಿ ತಿರುಗಿಸಿ ಕೆಳಗಿನ ಸಣ್ಣ ಅಕ್ಷರ ಓದಿದೆ. ಒಂದೇ ಕಾರ್ಖಾನೆ, ಒಂದೇ ಊರು, ಒಂದೇ ಎಣ್ಣೆ. ಬಣ್ಣ ಮಾತ್ರ ಬೇರೆ. ನನ್ನ ಇಷ್ಟು ದಿನದ ಸಿಟ್ಟಿಗೆ ಈಗ ಸಾಕ್ಷಿ ಸಿಕ್ಕಿತು ಅಂತ ಇಬ್ಬರನ್ನೂ ಎದುರು ಕೂರಿಸಿ ಓದಿ ಹೇಳಿದೆ. ಇಬ್ಬರೂ ಒಂದೊಂದು ಬಾಟಲಿ ಹಿಡಿದು ಆ ಅಕ್ಷರ ಹುಡುಕಿದರು. ಆಮೇಲೆ ಇವರು ಮೆಲ್ಲನೆ ಹೇಳಿದರು, "ಕಂಡ್ಯಾ? ನಮ್ ಎಣ್ಣಿನೂ ಅವ್ರ್ ಕದ್ರ್."

ಸತ್ತವರು ಯಾವ ಪಕ್ಷ

ಬೈಂದೂರಿನಲ್ಲಿ ನನ್ನ ಚಿಕ್ಕಪ್ಪ ತೀರಿಕೊಂಡರು. ವಯಸ್ಸಾಗಿತ್ತು, ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋದವರಲ್ಲ. ವೈಕುಂಠ ಸಮಾರಾಧನೆಗೆ ಅಣ್ಣನ ಕಾರಿನಲ್ಲೇ ಮೂವರೂ ಹೊರಟೆವು. ಕಾರು ಹತ್ತುವ ಮೊದಲು ನಾನು ಇಬ್ಬರ ಹತ್ತಿರವೂ ಮಾತು ತೆಗೆದುಕೊಂಡಿದ್ದೆ, ಇವತ್ತು ಅಮೆರಿಕದ ಹೆಸರು ಎತ್ತಬಾರದು ಅಂತ. ಬೈಂದೂರು ಮುಟ್ಟುವ ತನಕ ಎತ್ತಲಿಲ್ಲ. ಕಾರಿನಲ್ಲಿ ಇಬ್ಬರೂ ತುಟಿ ಬಿಗಿಹಿಡಿದು ಕೂತದ್ದು ನೋಡಿದರೆ ಉಪವಾಸ ಕೂತವರ ಹಾಗೆ ಕಾಣುತ್ತಿತ್ತು.

ಎಲೆ ಹಾಕಿ ಬಡಿಸಲು ಶುರುವಾಯಿತು. ಸಾರಿನ ತನಕ ಎಲ್ಲ ಸರಿ. ಪಲ್ಯ ಎರಡನೇ ಸಲ ಬರುವಾಗ ಪಂಕ್ತಿಯಲ್ಲಿ ಯಾರೋ ಪುಣ್ಯಾತ್ಮರು ಇವರ ಹತ್ತಿರ, ಮೇಷ್ಟ್ರೇ, ಅಮೆರಿಕದಲ್ಲಿ ಈಗ ಹೇಗೆ ಅಂತ ಕೇಳಿದರು. ಇವರು ಒಂದು ವಾಕ್ಯ ಹೇಳಿದರು. ಎದುರಿನ ಪಂಕ್ತಿಯಿಂದ ಅಣ್ಣ ಎರಡು ವಾಕ್ಯ ಹೇಳಿದ. ಮತ್ತೆ ಅನ್ನ ಬರುವಷ್ಟರಲ್ಲಿ ಈ ಪಂಕ್ತಿ ಕತ್ತೆ, ಆ ಪಂಕ್ತಿ ಆನೆ. ಪಾಯಸದ ಪಾತ್ರೆ ಹಿಡಿದವರಿಗೆ ಮಧ್ಯೆ ದಾರಿ ಸಿಗಲಿಲ್ಲ.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಇವರು ಮಾತಿನ ಭರದಲ್ಲಿ, ತೀರಿಹೋದ ಚಿಕ್ಕಪ್ಪನೂ ನಮ್ಮ ಕಡೆಯೇ ಇದ್ದರು ಅಂದುಬಿಟ್ಟರು. ಅಣ್ಣ ಎಡಗೈ ಊರಿ ಅರ್ಧ ಎದ್ದ. ಚಿಕ್ಕಪ್ಪ ನನ್ನ ರಕ್ತಸಂಬಂಧ, ಅವರು ಆನೆ ಕಡೆ, ಸತ್ತವರ ಓಟು ಕದಿಯುವುದೇ ನಿಮ್ಮ ಪಕ್ಷದ ಕ್ರಮ ಅಂದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೊನೆಗೆ ಆ ಪುಣ್ಯಾತ್ಮರೇ, ಜಗಳ ಬೇಡ, ಮನೆಯವರನ್ನೇ ಕೇಳುವ ಅಂತ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನನ್ನೇ ಕೇಳಿದರು. ಗಂಡನನ್ನು ಕಳಕೊಂಡ ಹೆಂಗಸು, ಕಣ್ಣು ಇನ್ನೂ ಊದಿತ್ತು. ಅವರು ಎಲ್ಲರನ್ನೂ ಒಮ್ಮೆ ನೋಡಿ ಹೇಳಿದರು, "ಅವ್ರಿಗೆ ಬೈಂದೂರ್ ದಾಟಿ ಕುಂದಾಪ್ರಕ್ ಹೋಪುದೇ ಬೇಜಾರ್. ಅಮೆರಿಕಕ್ಕೆಲ್ಲ್ ಹೋತ್ರ್? ಪಾಯ್ಸ ಹಾಕ್ಕಣಿ."

ಮರಳುವಾಗ ಅಣ್ಣ ಕಾರು ತೆಗೆದುಕೊಂಡು ಒಬ್ಬನೇ ಹೋದ. ಹೋಗುವ ಮೊದಲು, ಇನ್ನು ನಿಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ ಅಂತ ಎಲ್ಲರ ಎದುರು ಹೇಳಿ ಹೋದ. ಹತ್ತಬೇಡಿ, ನಾನೂ ಕೋಟದಲ್ಲಿ ಇಳಿಯುವುದಿಲ್ಲ ಅಂತ ಇವರು ಹೇಳಿದರು. ನಾವು ಬಸ್ಸಿನಲ್ಲಿ ಬಂದೆವು. ಕೋಟ ಬಂದಾಗ ಇವರು ಕಣ್ಣು ಮುಚ್ಚಿ ಕೂತಿದ್ದರು, ಎಲ್ಲಿ ತಪ್ಪಿ ಇಳಿದುಬಿಡುತ್ತೇನೋ ಅಂತ.

ಕುದುರೆ ಬಿಡದ ರಾಜ

ತಿಂಗಳುಗಟ್ಟಲೆ ಹಾಗೆಯೇ ಹೋಯಿತು. ನಾನು ಒಬ್ಬಳೇ ತವರಿಗೆ ಹೋದರೆ ಅಣ್ಣ ಮಾತಾಡಿಸುತ್ತಿದ್ದ, ಆದರೆ ಇವರ ಸುದ್ದಿ ಬಂದ ಕೂಡಲೇ ದನದ ಹಟ್ಟಿಯ ಕಡೆ ಎದ್ದು ಹೋಗುತ್ತಿದ್ದ. ಗಂಡನನ್ನು ಬಿಟ್ಟು ತವರಿಗೆ ಹೋಗುವುದು ಎಷ್ಟು ದಿನ? ಊರವರು ಕೇಳತೊಡಗಿದರು. ಎಂತ ಆಸ್ತಿ ಜಗಳವಾ ಅಂತ ಕೇಳಿದರೆ ಏನು ಹೇಳುವುದು? ಆಸ್ತಿ ಅಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಆಗ ನನಗೆ ನೆನಪಾದದ್ದು ತಾಳಮದ್ದಳೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ಆಟ ನಿಂತ ಮೇಲೆ ನಮ್ಮ ಬದಿಯಲ್ಲಿ ಅದರದ್ದೇ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹೇಳುತ್ತಾರೆ, ಎದುರುಬದುರು ಕೂತವರು ಪಾತ್ರಗಳಾಗಿ ಅದರ ಅರ್ಥ ಹೇಳುತ್ತಾ ವಾದ ಹೂಡುತ್ತಾರೆ. ಬೈಯಬಹುದು, ಕೆಣಕಬಹುದು, ಆದರೆ ಒಬ್ಬ ಮುಗಿಸುವ ತನಕ ಇನ್ನೊಬ್ಬ ಕಾಯಬೇಕು. ಕಥೆಯಲ್ಲಿ ಸೋಲುವವ ಕೊನೆಗೆ ಸೋಲಲೇಬೇಕು. ಈ ವಾರ ಸೋತವ ಮುಂದಿನ ವಾರ ಗೆಲ್ಲುವ ಪಾತ್ರಕ್ಕೆ ಕೂರುತ್ತಾನೆ, ಇವತ್ತು ಬೈದ ಪಕ್ಷವನ್ನು ಅವತ್ತು ಅಷ್ಟೇ ಚಂದ ಮಾಡಿ ಹೊಗಳುತ್ತಾನೆ. ಮುಗಿದ ಮೇಲೆ ಇಬ್ಬರಿಗೂ ಒಂದೇ ಕೆಟಲಿನ ಚಾ. ಇವರೂ ಅಣ್ಣನೂ ಹೆಸರು ಮಾಡಿದ ಅರ್ಥಧಾರಿಗಳು. ನಾನು ಗುಟ್ಟಾಗಿ ಭಾಗವತರ ಮನೆಗೆ ಹೋಗಿ, ಇಬ್ಬರನ್ನೂ ಎದುರುಬದುರು ಕೂರಿಸಿ ಅಂತ ಕೇಳಿಕೊಂಡೆ. ಬೇರೆಲ್ಲೂ ಮಾತಾಡದಿದ್ದರೂ ಅಲ್ಲಿ ಮಾತಾಡಲೇಬೇಕಲ್ಲ. ಅಮೆರಿಕದವರಿಗೆ ಈ ವಿದ್ಯೆ ಕಲಿಸಬೇಕಿತ್ತು ಅಂತ ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ. ಆದದ್ದು ತಿರುಗಾಮುರುಗಾ.

ದೇವಸ್ಥಾನದ ಸಭಾಭವನ, ಭಾನುವಾರ ಮಧ್ಯಾಹ್ನ. ಯಾಗದ ಕುದುರೆಯ ಪ್ರಸಂಗ. ಊರೂರು ತಿರುಗುವ ಕುದುರೆಯನ್ನು ಒಬ್ಬ ರಾಜ ಕಟ್ಟಿಹಾಕುತ್ತಾನೆ, ಬಿಡಿಸಲು ವೀರನೊಬ್ಬ ಬರುತ್ತಾನೆ, ವಾದ, ಯುದ್ಧ, ರಾಜನ ಸೋಲು, ಕುದುರೆಯ ಬಿಡುಗಡೆ, ಮಂಗಳದ ಹಾಡು. ಮಂಗಳ ಆದ ಮೇಲೆ ಯಾರೂ ಅರ್ಥ ಹೇಳುವಂತಿಲ್ಲ. ಅಣ್ಣ ರಾಜ, ಇವರು ಬಿಡಿಸಲು ಬಂದವರು. ಅಣ್ಣ ಮೊದಲ ಮಾತಿಗೇ ಇವರನ್ನು "ಎಲೈ ಅಧಮ" ಅಂದ. ನನಗೆ ಹೊಟ್ಟೆ ತಂಪಾಯಿತು. ಇಷ್ಟು ತಿಂಗಳ ಮೇಲೆ ಅಧಮ ಅಂತಾದರೂ ಕರೆದನಲ್ಲ!

ಸ್ವಲ್ಪ ಹೊತ್ತಿಗೆ ಆ ಕೋಟು ಹಾಕಿದವರ ವಿದ್ಯೆ ಒಳಗಿಂದ ಎದ್ದಿತು. ಅಣ್ಣ ಮುಗಿಸುವ ಮೊದಲೇ ಇವರು ಶುರು, ಇವರು ಮುಗಿಸುವ ಮೊದಲೇ ಅಣ್ಣ. ಭಾಗವತರು ತಾಳ ಕುಟ್ಟಿ ಎಚ್ಚರಿಸಿದರೂ ಕೇಳುವವರಿಲ್ಲ. ಇಂಥವನನ್ನು ರಾಜನೆಂದು ಒಪ್ಪಿದ ಪ್ರಜೆಗಳಿಗೆ ತಲೆಯಲ್ಲಿ ಏನಿರಬಹುದು ಅಂತ ಇವರು ಸಭೆಯ ಕಡೆ ಕೈ ತೋರಿಸಿ ಹೇಳಿದರು. ಮುಂದಿನ ಸಾಲಿನವರಿಗೆ ಸಿಟ್ಟು ಬಂತು, ಅವರಲ್ಲಿ ದೇವಸ್ಥಾನದ ಮೊಕ್ತೇಸರರೂ ಇದ್ದರು. ಯುದ್ಧದ ಪದ್ಯ ಆಯಿತು. ಇನ್ನು ರಾಜ ಸೋಲೊಪ್ಪಿ ಕುದುರೆ ಬಿಡಬೇಕು. ಅಣ್ಣ ಶಾಲು ಸರಿಮಾಡಿಕೊಂಡು, "ಸೋತೆನೆಂದು ಹೇಳಿದವರಾರು? ಬಿದ್ದ ಬಾಣಗಳನ್ನು ಮತ್ತೊಮ್ಮೆ ಎಣಿಸಲಿ. ಅಲ್ಲಿಯ ತನಕ ಕುದುರೆಯನ್ನು ಬಿಡೆನು," ಅಂದ.

ಭಾಗವತರು ಸೋಲಿನ ಪದ್ಯವನ್ನು ಇನ್ನೊಮ್ಮೆ ಹೇಳಿದರು. ಬಿಡಲಿಲ್ಲ. ಸೀದಾ ಮಂಗಳವನ್ನೇ ಹಾಡಿದರು. ಮಂಗಳದ ಮೇಲೂ ಅಣ್ಣ ಮಾತಾಡುತ್ತಲೇ ಇದ್ದ. ನನ್ನ ಹುಟ್ಟಿನಲ್ಲಿ ಅಂಥದ್ದನ್ನು ನಾನು ನೋಡಿಲ್ಲ. ಇವರು ಎದ್ದುನಿಂತರು, ಶಾಲು ಹೆಗಲಿಗೆ ಹಾಕಿದರು, ಇನ್ನು ಈ ಜನ್ಮದಲ್ಲಿ ಭಾವನ ಎದುರು ಕೂರುವುದಿಲ್ಲ ಅಂದರು. ಅದು ಅರ್ಥಗಾರಿಕೆ ಅಲ್ಲ, ಅವರದ್ದೇ ಸ್ವರ. ನನ್ನ ತವರು ಅಲ್ಲಿ, ಆ ಶಾಲಿನೊಟ್ಟಿಗೆ ಎದ್ದು ಹೊರಟಿತು ಅಂತ ನನಗೆ ಗೊತ್ತಾಯಿತು.

ಹೆಂಗಸರ ಕಡೆಯಿಂದ ಎದ್ದು ನಾನು ಸೀದಾ ವೇದಿಕೆಗೆ ಹೋದೆ. ಯಾರೂ ಪದ್ಯ ಹೇಳಿರಲಿಲ್ಲ, ಕಾಯುವ ತಾಳ್ಮೆ ನನಗೆ ಇರಲಿಲ್ಲ. ನಾನು ಈ ರಾಜನ ತಂಗಿ, ಕುದುರೆ ಬಿಡಿಸಲು ಬಂದವನ ಹೆಂಡತಿ ಅಂತ ದೊಡ್ಡ ಸ್ವರದಲ್ಲಿ ಶುರು ಮಾಡಿದೆ. ಗ್ರಾಂಥಿಕ ಅಷ್ಟಕ್ಕೇ ಮುಗಿಯಿತು.

"ನೀವಿಬ್ರೂ ಆಚಿಂದ್ ಈಚಿಂದ್ ಕುದ್ರಿ ಎಳೀತ್ರಿ, ಅದ್ರ ಕಾಲಡಿಗ್ ಬಿದ್ದವ್ಳ್ ನಾನ್. ಅಲ್ಲ್ ಅಮೆರಿಕದಗ್ ಯಾರ್ ಗೆದ್ರೂ ನಿಮ್ಗ್ ಒಂದ್ ಲೋಟ ಚಾ ಕೊಡೂರಿಲ್ಲ. ಇಲ್ಲ್ ನಾನ್ ಸೋತ್ರೆ ನಂಗ್ ತೌರ್ಮನಿ ಇಲ್ಲ. ಅಣ್ಣ, ಕುದ್ರಿ ಬಿಡ್ತ್ಯಾ ಇಲ್ಯಾ?"

ಅಣ್ಣ ತಲೆ ತಗ್ಗಿಸಿದ. ಮತ್ತೆ ಎತ್ತಿದಾಗ ಅವನ ಮುಖದಲ್ಲಿ ರಾಜನೂ ಇರಲಿಲ್ಲ, ಆನೆಯೂ ಇರಲಿಲ್ಲ. "ಬಿಟ್ಟೆ ತಂಗಿ, ಬಿಟ್ಟೆ," ಅಂದ. ಇವರು ಶಾಲು ಹಾಕಿಕೊಂಡು ನಿಂತೇ ಇದ್ದರು. ಕೂತರೆ ಮಾನ ಹೋಯಿತು, ಹೋದರೆ ಹೆಂಡತಿ ಬಿಡುವುದಿಲ್ಲ. ಗಂಟಲು ಸರಿಮಾಡಿಕೊಂಡು, ಸೋತ ರಾಜ ಕಪ್ಪದ ಸಮೇತ ಕುದುರೆಯನ್ನು ತಾನೇ ತಂದು ಗೆದ್ದವನ ಅಂಗಳದಲ್ಲಿ ಕಟ್ಟುವುದು ಕ್ರಮ ಅಂತ ಪಾತ್ರದ ಸ್ವರದಲ್ಲೇ ಹೇಳಿದರು. ಇನ್ನು ಯಾರಾದರೂ ಬಾಯಿ ತೆರೆದಾರು ಅಂತ ಹೆದರಿ ಭಾಗವತರು ಒಂದೇ ಉಸಿರಿಗೆ ಇನ್ನೊಮ್ಮೆ ಮಂಗಳ ಹಾಡಿ ಮುಗಿಸಿದರು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಅಣ್ಣ ನಿಂತಿದ್ದ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಸೌತೆಕಾಯಿ, ಹೀರೆಕಾಯಿ, ಬೆಂಡೆಕಾಯಿ. ಒಳಗೆ ಬರಲಿಲ್ಲ. ಅಲ್ಲಿಂದಲೇ, "ನಾನ್ ಕುದ್ರಿ ತಂದಿದೆ ಭಾವ, ಎಲ್ಲ್ ಕಟ್ಟುದ್?" ಅಂದ. ಇವರು ಜಗಲಿಯಿಂದ ಇಳಿದು ಹೋಗಿ ಚೀಲ ತೆಗೆದುಕೊಂಡರು. "ಒಳ್ಗ್ ಬನಿ ಭಾವ, ಮಳಿ ಬತ್ತಿತ್," ಅಂದರು. ನನಗೆ ಅಳು ಬಂತು, ಒಳಗೆ ಓಡಿ ಕಾವಲಿ ಇಟ್ಟೆ.

ದೋಸೆ ಎರೆಯುತ್ತಿದ್ದೆ. ಜಗಲಿಯಲ್ಲಿ ಇಬ್ಬರ ಗುಸುಗುಸು ಕೇಳಿತು. ಮತ್ತೆ ಅಮೆರಿಕ ಶುರುವಾಯಿತಾ ಅಂತ ಸಟ್ಟುಗ ಹಿಡಿದುಕೊಂಡೇ ಬಾಗಿಲ ಮರೆಗೆ ಬಂದೆ. ಇವರು ಹೇಳುತ್ತಿದ್ದರು, ಏನೇ ಆಗಲಿ ಭಾವ, ಭಾಗವತರು ಪದ್ಯ ಹೇಳದೆ ಅವಳು ಅರ್ಥ ಹೇಳಬಾರದಿತ್ತು. ಅಣ್ಣ ಹೌದು ಹೌದು ಅಂದ. ಪದ್ಯ ಇಲ್ಲದೆ ಬಾಯಿ ತೆರೆಯುವುದೇ ದೊಡ್ಡ ತಪ್ಪು, ಅದೂ ಮಂಗಳ ಆದ ಮೇಲೆ ಮಾತಾಡುವುದಾ ಅಂದ. ಮಂಗಳದ ಮೇಲೆ ಮಾತಾಡಿದ ಅದೇ ಅಣ್ಣ! ಇವರು ಒಪ್ಪಿದರು. ಅದಕ್ಕೆ ಅಣ್ಣನೂ ಒಪ್ಪಿದ. ಸಂಪ್ರದಾಯ ಕೆಡಿಸಿದ್ದು ಪೂರ್ತಿ ನಾನೊಬ್ಬಳೇ ಅಂತ ಕತ್ತೆ ಮತ್ತು ಆನೆ ಒಟ್ಟಿಗೆ ತಲೆಯಾಡಿಸಿದವು.

ನನ್ನ ಸಿಟ್ಟು ಬಾಯಿಯ ತನಕ ಬಂತು. ಹೇಳುವುದು ಬೇಕಾದಷ್ಟಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ನಾನು ಹೊರಗೆ ಬಂದೆ.

"ತಪ್ಪ್ ನಂದೇ," ಅಂದೆ. "ಚಟ್ನಿ ಹಾಕ್ಲಾ?"